ಸರಾಸರಿ ನೂರು

"ನೂರು ಬಂದೈತಲ್ರೀ ಬಾಯಾರ ನಿಮಗ! ಬರೋಬ್ಬರಿ ನೂರು. ಇನ್ನ ಅಳೂದ್ಯಾಕ?"

ಹೀಗೆ ಕೇಳಿದವರು ವಿಚಾರಣಾಧಿಕಾರಿ ಹೊಸಮನಿಯವರು. ಕೆಟ್ಟ ಮನುಷ್ಯರಲ್ಲ, ಅಳುವವರ ಎದುರು ಕೂತು ಅಭ್ಯಾಸವಿಲ್ಲದವರು, ಅಷ್ಟೆ. ಮೇಜಿನ ಮೇಲಿದ್ದ ನೀರಿನ ಲೋಟವನ್ನು ಕಸ್ತೂರಿಯತ್ತ ಸರಿಸಿದರು. ಅದು ತಾವೇ ಕುಡಿದಿಟ್ಟ ಲೋಟ ಎಂದು ನೆನಪಾಗಿ ಮತ್ತೆ ಹಿಂದಕ್ಕೆ ಎಳೆದುಕೊಂಡರು.

ಕಸ್ತೂರಿ ಹಲಗೇರಿ ಮೂಗು ಒರೆಸಿಕೊಂಡಳು. ಸಪ್ತಜಿಲ್ಲಾ ಆಪತ್ಕರೆ ಕೇಂದ್ರದಲ್ಲಿ ಅರ್ಧ ಆಯುಷ್ಯ ಫೋನೆತ್ತಿದವಳು ಅವಳು. ಏಳು ಜಿಲ್ಲೆಗಳ ಬೆಂಕಿ, ಹಾವು, ಹೆರಿಗೆ, ಅಪಘಾತಗಳೆಲ್ಲ ಹುಬ್ಬಳ್ಳಿಯ ಆ ಕಟ್ಟಡದೊಳಗೆ ಕರೆಗಳಾಗಿ ಬಂದು ಬೀಳುತ್ತಿದ್ದವು. ಅವುಗಳಲ್ಲಿ ಸಾವಿರಾರು ಅವಳ ಕಿವಿಯಲ್ಲೇ ಬಿದ್ದಿದ್ದವು.

"ನೂರು ಅಂದ್ರ," ಅವಳು ಕೇಳಿದಳು, "ನಾನು ಬೇಕಂತ ಮರತೆ ಅಂತ ಆತಲ್ರೀ ಸರ್?"

ಉತ್ತರ ನಿಯಮದಲ್ಲೇ ಇತ್ತು.

ಆ ನಿಯಮ ಬಂದು ಬಹಳ ಕಾಲವಾಗಿರಲಿಲ್ಲ. ಜನರ ಜೀವ ಕೈಯಲ್ಲಿಟ್ಟುಕೊಂಡು ಕೆಲಸ ಮಾಡುವವರು ತಪ್ಪು ಮಾಡಿದರೆ ಅವರನ್ನು ಮನೋಮಾಪಕದ ಕೆಳಗೆ ಕೂರಿಸಬೇಕು. ಬ್ಯೂಟಿ ಪಾರ್ಲರಿನಲ್ಲಿ ಕೂದಲೊಣಗಿಸುವ ದೊಡ್ಡ ಟೊಪ್ಪಿಗೆ ಇರುತ್ತದಲ್ಲ, ನೋಡಲು ಹಾಗೇ ಇರುವ ಯಂತ್ರ. ಅದು ಮಾತು, ಲೆಕ್ಕ, ಆಟ, ಸದ್ದುಗಳನ್ನು ಕೇಳಿಸುತ್ತ, ತೋರಿಸುತ್ತ, ಮಿದುಳು ಹೇಗೆ ಓಡುತ್ತದೆ ಎಂದು ಒಳಗಿನಿಂದಲೇ ನೋಡುತ್ತದೆ. ಒಂಬತ್ತು ಶಕ್ತಿಗಳನ್ನು ಅಳೆದು ಒಂದೊಂದಕ್ಕೂ ಒಂದು ಅಂಕ ಕೊಡುತ್ತದೆ. ಸಾಧಾರಣ ಮನುಷ್ಯರದು ನೂರರ ಆಸುಪಾಸು. ಕೊನೆಗೆ ಒಂಬತ್ತನ್ನೂ ಕೂಡಿಸಿ ಭಾಗಿಸಿ ಒಂದೇ ಅಂಕಿ. ಅದು ತೊಂಬತ್ತಕ್ಕಿಂತ ಕಡಿಮೆಯಾದರೆ 'ಅಶಕ್ತ'. ಮೇಲಾದರೆ 'ಶಕ್ತ'; ಶಕ್ತರು ಮಾಡಿದ ತಪ್ಪಿಗೆ ಇಟ್ಟ ಹೆಸರು 'ಉದಾಸೀನ'. ಆ ಪದ ಹೆಸರಿನ ಪಕ್ಕ ಒಮ್ಮೆ ಕೂತರೆ ಮತ್ತೆ ಏಳುವುದಿಲ್ಲ.

"ಸರ್, ಈ ನೂರು ಇವರದಲ್ಲ," ಎಂದರು ಡಾಕ್ಟರ್ ವಿನುತಾ ಕಟ್ಟಿ. ಮನೋಮಾಪಕ ನಡೆಸುವವರು ಅವರೇ. ಪರದೆಯನ್ನು ಹೊಸಮನಿಯವರ ಕಡೆ ತಿರುಗಿಸಿದರು. ಗೆರೆ ಎತ್ತರದ ಗುಡ್ಡ ಹತ್ತಿ, ದಬಕ್ಕನೆ ಬಾವಿಗೆ ಬಿದ್ದು, ಮತ್ತೆ ಗುಡ್ಡ ಹತ್ತಿತ್ತು. "ಧ್ವನಿ ಗುರುತಿಸೂದು ನೂರಾ ನಲವತ್ತೆಂಟು. ಇಷ್ಟು ನಾನು ಯಾರದೂ ನೋಡಿಲ್ಲ. ಇಲ್ಲಿ ನೋಡ್ರಿ, 'ಆಮೇಲೆ ಮಾಡ್ತೀನಿ ಅಂದದ್ದನ್ನ ಆಮೇಲೆ ನೆನಸೂದು': ಐವತ್ತೊಂಬತ್ತು. ನೂರು ಅಂತ ಅಂಕ ಇವರಿಗೆ ಒಂದರೊಳಗೂ ಬಂದಿಲ್ಲ."

"ಸರಾಸರಿ ಅಂದ್ರ ಹಂಗ ಅಲ್ಲೇನ್ರೀ ಡಾಕ್ಟರ?"

"ಧಾರವಾಡದ ಆರು ಬಸ್ಸು ಮುಂಜಾನೆ ಒಮ್ಮೆಲೇ ಬಂದು, ಆಮ್ಯಾಲ ಸಂಜೀತನಾ ಒಂದೂ ಬರಲಿಲ್ಲ ಅನ್ರಿ. ಸರಾಸರಿ ತೆಗೆದು 'ಎರಡು ತಾಸಿಗೊಂದು ಬಸ್ಸು' ಅಂತ ಬೋರ್ಡ್ ಹಾಕಬಹುದು. ಮಧ್ಯಾಹ್ನ ಸ್ಟಾಪಿನ್ಯಾಗ ನಿಂತವರನ್ನ ಕೇಳ್ರಿ."

ಹೊಸಮನಿಯವರಿಗೆ ನಗು ಬಂತು. ಬಂದಷ್ಟೇ ಬೇಗ ಹೋಯಿತು. "ಖರೇ ಐತ್ರಿ. ಆದ್ರ ನನಗ ಮ್ಯಾಲಿಂದ ಬಂದ ಪರದೆಯೊಳಗ ಒಂದ ಚೌಕ ಐತಿ. ಅದರಾಗ ಒಂದ ಅಂಕಿ ಹಿಡಸ್ತೈತಿ. ಸೋಮವಾರ ತೀರ್ಪು. ಸತ್ತವರ ಮನಿಯವರು ಏನರೆ ಹೇಳೂದಿದ್ರ ಅವತ್ತ ಬಂದು ಹೇಳಬಹುದು."

ಸತ್ತವರ ಮನೆಯವರು ಎಂದ ಕೂಡಲೇ ಕಸ್ತೂರಿ ಎದ್ದು ಹೊರಗೆ ಹೋದಳು. ಚಪ್ಪಲಿ ಅಲ್ಲೇ ಬಿಟ್ಟಿದ್ದಳು.

*

ಸತ್ತವಳು ಮೈಮೂನಾ.

ಅವಳೂ ಅಲ್ಲಿ ಫೋನೆತ್ತುತ್ತಿದ್ದ ಕಾಲದಲ್ಲಿ ಕೇಂದ್ರದಲ್ಲಿ ಗಾಜಿನ ಗೂಡುಗಳಿರಲಿಲ್ಲ. ಉದ್ದನೆಯ ಹಾಲು, ಬೆನ್ನಿಗೆ ಬೆನ್ನು ಕೊಟ್ಟ ಕುರ್ಚಿಗಳು. ಕಸ್ತೂರಿಯ ಬೆನ್ನ ಹಿಂದೆ ಮೈಮೂನಾ. ವಯಸ್ಸಿನಲ್ಲಿ ಹಿರಿಯಳು, ಮಾತಿನಲ್ಲಿ ಇನ್ನೂ ಹಿರಿಯಳು. ಕಸ್ತೂರಿಗೊಂದು ಅಭ್ಯಾಸವಿತ್ತು. ಫೋನಿನಾಚೆಯವರು ಹೇಳಿದ್ದನ್ನೆಲ್ಲ ತಾನೂ ಗಟ್ಟಿಯಾಗಿ ಹೇಳುವುದು. "ಹಾವು ಕಡದೈತಿ, ಎಡಗಾಲು, ನರಗುಂದದ ಆಚಿ ಹೊಲದಾಗ, ಹೌದಿಲ್ಲೋ ಯಪ್ಪಾ?" ಹಾಗೆ ಹೇಳದಿದ್ದರೆ ಅದು ತಲೆಯಲ್ಲಿ ನಿಲ್ಲುತ್ತಿರಲಿಲ್ಲ. "ಐದ ನಿಮಿಷ ಬಿಟ್ಟ ನಾನ ಫೋನ್ ಮಾಡ್ತೀನಿ" ಎಂದು ಅವಳು ಯಾರಿಗಾದರೂ ಹೇಳಿದ್ದು ಕಿವಿಗೆ ಬಿತ್ತೆಂದರೆ ಮೈಮೂನಾ ಹಿಂದಕ್ಕೆ ಕೈ ಚಾಚುತ್ತಿದ್ದಳು. ಕುರ್ಚಿಯಿಂದ ಇಳಿಬಿದ್ದಿದ್ದ ಕಸ್ತೂರಿಯ ಸೆರಗಿನ ತುದಿಗೊಂದು ಗಂಟು ಹಾಕುತ್ತಿದ್ದಳು. ಹೊತ್ತಾದ ಮೇಲೆ ಆ ಗಂಟು ಹಿಡಿದು ಜಗ್ಗುತ್ತಿದ್ದಳು.

"ಏನಕ್ಕಾ, ನನ್ನ ಸೆರಗು ನಿನಗ ಎತ್ತಿನ ಹಗ್ಗ ಆತೇನು?"

"ಎತ್ತಿಗೆ ಒಂದ ಸಲ ಜಗ್ಗಿದ್ರ ಸಾಕಾಕ್ಕೈತಿ. ನಿನಗ ಎರಡ ಸಲ ಬೇಕು."

ಉಪಕಾರ ಒಂದೇ ಕಡೆಯದಾಗಿರಲಿಲ್ಲ. ಫೋನಿನಲ್ಲಿ ಬಂದ ಮಾತು ಮಾತ್ರ ಮೈಮೂನಾಗೆ ಕೇಳುತ್ತಿತ್ತು. ಮಾತಿನ ಕೆಳಗಿನದು ಕೇಳುತ್ತಿರಲಿಲ್ಲ. ಅನುಮಾನ ಬಂದರೆ ತನ್ನ ಹೆಡ್‌ಫೋನನ್ನು ಕಸ್ತೂರಿಯ ಕಿವಿಗೆ ಹಿಡಿಯುತ್ತಿದ್ದಳು. "ಸ್ವಲ್ಪ ಕೇಳವಾ, ಬರೇ ತಲಿ ನೋವು ಅಂತಾನ." ಕಸ್ತೂರಿ ಎರಡು ಉಸಿರು ಕೇಳಿ ಹೇಳುತ್ತಿದ್ದಳು: "ನಾಲಿಗಿ ಒಂದ ಕಡೆ ಜೋತು ಬಿದ್ದೈತಿ ಅಕ್ಕಾ. ಲಕ್ವ ಹೊಡ್ಯಾಕತ್ತೈತಿ. ಗಾಡಿ ಕಳಸು." ಗಾಡಿ ಹೋಗುತ್ತಿತ್ತು. ಅವಳ ಮಾತು ಸುಳ್ಳಾದದ್ದು ಯಾರಿಗೂ ನೆನಪಿಲ್ಲ.

ಮೈಮೂನಾ ನಿವೃತ್ತಳಾದಳು. ಆಮೇಲೆ ಹಾಲಿನಲ್ಲಿ ಗಾಜಿನ ಗೂಡುಗಳೆದ್ದವು; ಒಬ್ಬರ ಮಾತು ಇನ್ನೊಬ್ಬರ ಗಮನ ಕೆಡಿಸಬಾರದೆಂದು. ಸೀರೆಯ ಬದಲು ನೀಲಿ ಕೋಟು ಬಂತು. ಕರೆದವರ ಧ್ವನಿ ಎಷ್ಟು ನಡುಗುತ್ತದೆ ಎಂದು ಅಳೆದು ಕೆಂಪು, ಹಳದಿ, ಹಸಿರು ಬಣ್ಣ ತೋರಿಸುವ ಧ್ವನಿಸೂಚಿ ಬಂತು. ಕೆಂಪು ಬಂದರೆ ಗಾಡಿ ತಾನಾಗಿ ಹೊರಡುತ್ತದೆ. ಹಸಿರು ಬಂದರೆ ಫೋನೆತ್ತಿದವರ ವಿವೇಚನೆ. ಇನ್ನೊಂದು ನಿಯಮವೂ ಬಂತು. ತಿರುಗಿ ಫೋನ್ ಮಾಡುತ್ತೇನೆಂದು ಹೇಳಿ ಮಾಡದೆ ಹೋಗಿ, ಆ ಮನುಷ್ಯ ಕಾದು ಬೇಸತ್ತು ತಾನೇ ಎರಡನೇ ಸಲ ಕರೆದರೆ, ಫೋನೆತ್ತಿದವರ ಹೆಸರಿನ ಮುಂದೆ ಕೆಂಪು ಚುಕ್ಕಿ. ತಿಂಗಳಿಗೆ ಮೂರು ಚುಕ್ಕಿ ಬಿದ್ದರೆ ಕುರ್ಚಿ ಹೋಯಿತು.

ಆ ತಿಂಗಳು ಕಸ್ತೂರಿಗೆ ಎರಡು ಬಿದ್ದಿದ್ದವು. ಮೈಮೂನಾಳ ಮನೆಗೆ ಹೋಗಿ, ಚಾ ಕುಡಿದು, ಅತ್ತು ಹೇಳಿಕೊಂಡು ಬಂದಿದ್ದಳು.

ಅದಾಗಿ ಕೆಲವೇ ದಿನಕ್ಕೆ, ಊಟದ ಹೊತ್ತು ಮುಗಿಯುತ್ತಿದ್ದಾಗ ಮೈಮೂನಾಳ ಕರೆ ಬಂತು; ಬಿದ್ದದ್ದು ಕಸ್ತೂರಿಯ ಗೂಡಿಗೇ.

"ಏ ಕಸ್ತೂರಿ, ನಾನವಾ. ಬೆನ್ನಾಗ, ಎದಿ ಹಿಂದ, ಏನೋ ಚುಚ್ಚಿದಂಗ ಆಗಾಕತ್ತೈತಿ. ಗ್ಯಾಸ್ ಇದ್ದೀತು ಬಿಡು."

ಧ್ವನಿಸೂಚಿ ಹಸಿರು ತೋರಿಸಿತು. ತೋರಿಸದೆ ಏನು? ಅದು ಇಡೀ ಆಯುಷ್ಯ ಬೇರೆಯವರ ಗಾಬರಿಯನ್ನು ತಣ್ಣಗೆ ಮಾಡಿದ ಧ್ವನಿ. ತನ್ನ ಸಾವಿನಲ್ಲೂ ಅದು ನಡುಗಲು ಕಲಿತಿರಲಿಲ್ಲ. ಆದರೂ ಎರಡು ಮಾತಿನ ನಡುವೆ ಏನೋ ತಡವರಿಸಿದ್ದು ಕಸ್ತೂರಿಗೆ ಕೇಳಿಸಿತು. ಬಾಯಿ ತೆರೆಯುವಷ್ಟರಲ್ಲಿ ಇನ್ನೊಂದು ಕರೆ ಕೆಂಪಾಗಿ ಬಡಿದುಕೊಂಡಿತು.

"ಬ್ಯಾರೆದ್ದು ಬಂತೇನು? ಮೊದಲ ಅದನ್ನ ನೋಡು. ನಂದೇನ ಅವಸರಿಲ್ಲ."

"ಎರಡ ನಿಮಿಷ ಅಕ್ಕಾ. ನಾನ ಮಾಡ್ತೀನಿ."

"ಗಂಟ ಹಾಕ್ಕೋ."

ಇಬ್ಬರೂ ನಕ್ಕರು. ಕೋಟಿಗೆ ಸೆರಗೆಲ್ಲಿ? ಪರದೆಯ ಮೇಲೆ ನೆನಪಿನ ಗುಂಡಿಯೊಂದಿತ್ತು, ಒತ್ತಬೇಕಿತ್ತು. ಕೈ ಅತ್ತ ಹೋಗುವ ಮುಂಚೆಯೇ ಕುಂದಗೋಳದ ಕಡೆಯ ಒಬ್ಬ ಹೆಂಗಸಿನ ಚೀರಾಟ ಕಿವಿ ತುಂಬಿತು. ಕೂಸು ನೀರಿನ ತೊಟ್ಟಿಯಲ್ಲಿ ಬಿದ್ದಿತ್ತು. ಕಸ್ತೂರಿ ಆ ಚೀರಾಟದೊಳಗೆ ಇಳಿದಳು. ಹಾಗೆ ಇಳಿದಾಗ ಅವಳಿಗೆ ಗೂಡಿಲ್ಲ, ಗಾಜಿಲ್ಲ, ಜಗತ್ತಿಲ್ಲ. "ಮೂಗ ಹಿಡಿ. ಬಾಯಿಗೆ ಬಾಯಿ ಹಚ್ಚು. ಊದು. ಅಳಬ್ಯಾಡ ನಮ್ಮವ್ವಾ, ಆಮ್ಯಾಲ ಇಬ್ರೂ ಕೂಡಿ ಅಳೂಣು, ಈಗ ಊದು." ಗಾಡಿ ತಲುಪುವತನಕ ಊದಿಸಿದಳು. ಕೂಸು ಕೆಮ್ಮಿತು.

ಗೂಡಿನಿಂದ ಹೊರಬಂದಳು. ಎಲ್ಲರಿಗೂ ಹೇಳಿ, ನಕ್ಕು, ಅತ್ತು, ಪಾಳಿ ಮುಗಿಸಿ ಮನೆಗೆ ಹೋದಳು. ದಾರಿಯಲ್ಲಿ ಹೆಸರೂ ಗೊತ್ತಿಲ್ಲದ ಆ ಕೂಸಿಗೆಂದು ಪೇಡೆ ಕೊಂಡು ದೇವರ ಮುಂದಿಟ್ಟಳು. ಮೈಮೂನಾ ಎಂಬ ಹೆಸರು ಆ ಸಂಜೆಯೆಲ್ಲ ಅವಳ ತಲೆಯ ಯಾವ ಮೂಲೆಯಲ್ಲಿತ್ತೋ, ಅದನ್ನು ಯಾವ ಮನೋಮಾಪಕವೂ ತೋರಿಸಲಿಲ್ಲ.

*

"ನೂರು ಅಂಕದ ಹಾಲು ಉಕ್ಕೈತಿ ನೋಡು," ಎಂದ ಮಲ್ಲೇಶಿ.

ಕಸ್ತೂರಿಯ ಗಂಡ. ಟೌನ್ ಬಸ್ಸಿನ ಡ್ರೈವರು. ಮದುವೆಯಾದಾಗಿನಿಂದ ಅವಳ ಹಿಂದಿನಿಂದ ಒಲೆ, ನಲ್ಲಿ, ಲೈಟು ಆರಿಸುತ್ತ ಬಂದವನು. ಎಂದಿನ ಚೇಷ್ಟೆಯೆಂದು ಅಂದುಬಿಟ್ಟ. ಅವಳು ಒಲೆಯ ಮುಂದೆ ಹಾಗೇ ನಿಂತದ್ದನ್ನು ನೋಡಿ ಅವನೇ ಬಟ್ಟೆ ತಂದು ಹಾಲು ಒರೆಸಿದ.

"ಸಾಲ್ಯಾಗ ಮಾಸ್ತರ್ರು ಹಿಂಗ ಅಂತಿದ್ರು," ಎಂದಳು. "'ಮನಸ್ ಮಾಡಿದ್ರ ಎಲ್ಲಾ ಬರತೈತಿ ಈ ಹುಡುಗಿಗೆ. ಮನಸ ಮಾಡಂಗಿಲ್ಲ.' ಅವ್ವನೂ ಹಂಗ ಅಂದ್ಲು. ನೀನೂ ಅಂದಿ. ಈಗ ಯಂತ್ರ ಅಂದೈತಿ. ಖರೇನ ಇದ್ದೀತು. ನಾ ಅಕ್ಕನ ಮ್ಯಾಲ ಮನಸ ಮಾಡಲಿಲ್ಲ."

"ಹುಚ್ಚರಂಗ ಮಾತಾಡಬ್ಯಾಡ. ಅಕ್ಕನ ಮನಿಗೆ ಹೋಗಿ ಹುಸೇನಣ್ಣನ್ನ ಕಂಡ ಬಾ."

"ಯಾವ ಮಾರಿ ತಗೊಂಡ ಹೋಗ್ಲಿ?"

ಮೈಮೂನಾಳ ಮಣ್ಣಿಗೆ ಮಲ್ಲೇಶಿ ಹೋಗಿದ್ದ. ಕಸ್ತೂರಿ ಓಣಿಯ ತುದಿಯವರೆಗೆ ಬಂದು, ಅಲ್ಲಿಂದ ಮುಂದೆ ಹೆಜ್ಜೆ ಬಾರದೆ, ಹಣ್ಣಿನ ಗಾಡಿಯ ಹಿಂದೆ ನಿಂತು ತಿರುಗಿ ಬಂದಿದ್ದಳು.

*

ಡಾಕ್ಟರ್ ವಿನುತಾ ಅವಳನ್ನು ಮತ್ತೆ ಕರೆಸಿದರು. ಮೈಮೂನಾಳ ಗಂಟಿನ ಕಥೆ ಕೇಳಿದ್ದ ಅವರು ಸೀರೆ ಉಟ್ಟು ಬರಲು ಹೇಳಿದ್ದರು.

ಟೊಪ್ಪಿಗೆಯೊಳಗೆ ಸಂತೆಯ ಗದ್ದಲ ಕೇಳಿಸುವ ಪರೀಕ್ಷೆ ಅದು. ಯಾರೋ ಒಬ್ಬ ನಡುವೆ 'ನಿಂಬೆಹಣ್ಣು' ಎನ್ನುತ್ತಾನೆ. ಅದನ್ನು ನೆನಪಿಟ್ಟು, ಸುಮಾರು ಹೊತ್ತಾದ ಮೇಲೆ ನೀಲಿ ದೀಪ ಹತ್ತಿದಾಗ ಗುಂಡಿ ಒತ್ತಬೇಕು. ಕಸ್ತೂರಿ ನಿಂಬೆಹಣ್ಣು ಅಂದದ್ದನ್ನು ಕೇಳಿದಳು. ಅಂದವನಿಗೆ ನೆಗಡಿಯಾಗಿದೆ ಎಂಬುದೂ ತಿಳಿಯಿತು. ದೀಪ ಹತ್ತಿತು, ಆರಿತು. ಅವಳು ಇನ್ನೂ ನೆಗಡಿಯವನ ಹಿಂದೆ ಸಂತೆಯಲ್ಲೇ ಇದ್ದಳು.

ಆಮೇಲೆ ವಿನುತಾ ಕುರ್ಚಿ ಎಳೆದುಕೊಂಡು ಅವಳ ಬೆನ್ನ ಹಿಂದೆ ಕೂತರು. ಸೆರಗಿಗೆ ಗಂಟು ಹಾಕಿದರು. ಪರೀಕ್ಷೆ ಮೊದಲಿನಿಂದ ಶುರುವಾಯಿತು. ದೀಪದ ಹೊತ್ತಿಗೆ ಜಗ್ಗಿದರು, ಕಸ್ತೂರಿ ಒತ್ತಿದಳು. ಮತ್ತೆ ಜಗ್ಗಿದರು, ಒತ್ತಿದಳು. ಪರದೆಯ ಮೇಲೆ ಬಾವಿಗೆ ಬಿದ್ದಿದ್ದ ಗೆರೆ ಮೇಲೆದ್ದು ಗುಡ್ಡಗಳ ಸಾಲಿಗೆ ಸೇರಿಕೊಂಡಿತು.

"ನೋಡಿದ್ರೇನು?" ಎಂದರು ವಿನುತಾ.

ಕಸ್ತೂರಿ ಟೊಪ್ಪಿಗೆ ತೆಗೆದಿರಲಿಲ್ಲ. ಅದರೊಳಗಿಂದ ಧ್ವನಿ ಬಂತು. "ನೀವು ಭಾಳ ಮೆತ್ತಗ ಜಗ್ಗತೀರಿ ಡಾಕ್ಟರ. ಅಕ್ಕ ಹಂಗ ಜಗ್ಗತಿರಲಿಲ್ಲ."

ವಿನುತಾ ಗಂಟಿನಿಂದ ಕೈ ತೆಗೆದರು.

"ಇದಕ್ಕ ಎಡಿಎಚ್‌ಡಿ ಅಂತೀವಿ, ಗಮನ ಬೇಕಾದಲ್ಲಿ ನಿಲ್ಲದ ತೊಂದರಿ," ವಿನುತಾ ಅವಳ ಎದುರು ಬಂದು ಕೂತು ಹೇಳಿದರು. "ಸಣ್ಣ ಹುಡುಗರದು ಅಂತ ಮಂದಿ ತಿಳದಾರ. ಅವು ದೊಡ್ಡವಾದ್ರೂ ಇರತದ. ಎಲ್ಲಾರಿಗೂ ಹಿಂಗ ಗೆರಿ ಏರಿಳೀತದ ಅಂತಲ್ಲ. ಎಷ್ಟೋ ಮಂದಿ ಈ ಟೊಪಗಿ ಕೆಳಗ ಚಂದ ಪಾಸಾಗಿ ಹೋಗ್ತಾರ, ಮನ್ಯಾಗ ಮತ್ತ ಒಲಿ ಮರೀತಾರ. ಇಲ್ಲೆ ಗದ್ದಲಿಲ್ಲ, ಎದುರಿಗೆ ನಾ ಕೂತಿರ್ತೀನಿ, ಎಲ್ಲಾ ಹೊಸಾದು. ಅದಕ್ಕ ಅಂಕಿ ಒಂದ ನೋಡಿ ಹೇಳೂ ರೋಗ ಅಲ್ಲ ಇದು. ನಿಮ್ಮ ಜೀವನಾ ಕೇಳಬೇಕಾಗತದ. ಕೇಳೀನಿ. ನೀವು ಬೇಕಂತ ಮರತಿಲ್ಲ, ಕಸ್ತೂರಿಬಾಯಿ."

"ಹಂಗಾದ್ರ ಅಶಕ್ತ ಅಂತ ಬರೀರಿ."

"ಅದೂ ಸುಳ್ಳು. ಕುಂದಗೋಳದ ಕೂಸು ಉಸರಾಡಾಕತ್ತದಲ್ಲ, ಅದು ಅಶಕ್ತರ ಕೆಲಸಲ್ಲ. ಒಬ್ಬರ ತಲೀನ ಎರಡು ಕುರ್ಚಿ ಸೇರಿ ನಡಸ್ತಿದ್ವು. ಒಂದ ಕುರ್ಚಿ ತಗದ್ರು. ಈಗ ಉಳದದ್ದನ್ನ ಅಳೀತಾರ."

ಇದನ್ನೇ ಅವರು ಹೊಸಮನಿಯವರಿಗೆ ಫೋನಿನಲ್ಲಿ ಹೇಳಿದರು. ಎರಡು ಗೆರೆಗಳನ್ನೂ ಕಳಿಸಿದರು. ಹೊಸಮನಿಯವರು ಬಹಳ ಹೊತ್ತು ನೋಡಿರಬೇಕು. ಉತ್ತರ ತಡವಾಗಿ ಬಂತು. "ಯಂತ್ರಕ್ಕ ಎರಡ ಕುರ್ಚಿ ಇಲ್ರೀ ಡಾಕ್ಟರ. ನೀವು ಚೌಕ ಖಾಲಿ ಬಿಟ್ರ ಅದು ತಾನ ನೂರು ತುಂಬಕೊಂಡ ಬಿಡತೈತಿ. ಮನಿಯವರು ಬಂದು ಬಾಯಿ ಬಿಟ್ಟ ಹೇಳಿದ್ರ ನಾ ತಡೀಬಹುದು. ಕುರ್ಚಿ ಅಂತೂ ಉಳಿಯಂಗಿಲ್ಲ. ಆ ಪದ ತಡೀಬಹುದು, ಅಷ್ಟ."

"ಹೋಗಿ ಕೇಳ್ರಿ," ಎಂದರು ವಿನುತಾ.

"ಹೆಂಡತೀನ ಕಳಕೊಂಡವರ ಮುಂದ ಹೋಗಿ, ನಂದೇನ ತಪ್ಪಿಲ್ಲ ಅಂತ ಹೇಳ್ರಿ ಅನ್ಲೇನು?" ಕಸ್ತೂರಿ ಸೆರಗಿನ ಗಂಟು ಬಿಚ್ಚಿದಳು. "ಅದನ್ನ ಕೇಳಾಕ ಹೋಗೂದಿಲ್ಲ. ಆದ್ರ ಹೋಗಬೇಕು."

*

ಮೈಮೂನಾಳ ಗಂಡ ಹುಸೇನ್‌ಸಾಬರು ಸ್ಟೋವ್ ರಿಪೇರಿ ಮಾಡುವವರು. ಬಾಗಿಲಲ್ಲಿ ನಿಂತವಳನ್ನು ನೋಡಿ, ಕೈಯಲ್ಲಿದ್ದ ಬರ್ನರನ್ನು ಕೆಳಗಿಟ್ಟರು.

"ಒಳಗ ಬಾ. ಹೊಸ್ತಿಲಾಚೆ ನಿಂತ ಮಾತಾಡೂವಷ್ಟ ದೂರದವರೇನಲ್ಲ ನಾವು."

ಕಿಟಕಿಯ ಪಕ್ಕ ಮೈಮೂನಾಳ ಕುರ್ಚಿ ಹಾಗೇ ಇತ್ತು. ಆ ಕಿಟಕಿಯ ಒಂದು ಬಾಗಿಲಿನ ಕೀಲು ಸಡಿಲ. ಗಾಳಿ ಬಂದಾಗಲೆಲ್ಲ ಎರಡು ಸಲ ಕಿರಗುಟ್ಟಿ ಒಮ್ಮೆ ಟಕ್ಕೆನ್ನುವುದು. ಹಿಂದೆ ಮೈಮೂನಾ ಮನೆಯಿಂದ ಫೋನ್ ಮಾಡಿದಾಗಲೆಲ್ಲ ಕಸ್ತೂರಿಗೆ ಮೊದಲು ಕೇಳುತ್ತಿದ್ದದ್ದು ಆ ಸದ್ದೇ. ಅವಳು ನೆಲದ ಮೇಲೆ ಕೂತಳು.

"ನಾ ಫೋನ್ ಮಾಡ್ತೀನಿ ಅಂದಿದ್ದೆ ಅಣ್ಣಾ," ಎಂದಳು. "ಮಾಡಲಿಲ್ಲ."

"ಗೊತ್ತೈತಿ."

"ಮರತೆ."

"ಅದೂ ಗೊತ್ತೈತಿ." ಹುಸೇನ್‌ಸಾಬರು ಬರ್ನರ್ ಒರೆಸುವ ಬಟ್ಟೆಯನ್ನು ಮಡಚಿದರು, ಬಿಚ್ಚಿದರು. "ನಿನಗ ಗೊತ್ತಿಲ್ಲದ್ದು ಒಂದೈತಿ. ಹೇಳಲೋ ಬ್ಯಾಡೋ ಅಂತ ವಿಚಾರ ಮಾಡಾಕತ್ತಿದ್ದೆ. ಬಂದೀಯಲ್ಲ, ಹೇಳ್ತೀನಿ. ಫೋನ್ ತೊಡಿ ಮ್ಯಾಲ ಇಟಗೊಂಡ ಈ ಕುರ್ಚಿ ಮ್ಯಾಲ ಕುಂತಿದ್ಲು. ಬೆವರಾಕತ್ತಿದ್ಲು. ನಾ ಅಂದೆ, 'ಮತ್ತ ಫೋನ್ ಹಚ್ಚು.' 'ಬ್ಯಾಡ' ಅಂದ್ಲು."

"ಯಾಕ?"

"'ಎರಡನೇ ಸಲ ನಾ ಹಚ್ಚಿದ್ರ ಕಸ್ತೂರಿ ಹೆಸರಿನ ಮುಂದ ಕೆಂಪ ಚುಕ್ಕಿ ಬೀಳತೈತಿ. ಈ ತಿಂಗಳ ಆಗ್ಲೇ ಎರಡ ಬಿದ್ದಾವಂತ. ನನ್ನ ಕೈಲೆ ಮೂರನೇದ್ದು ಹಾಕ್ಲೇನು? ತಡೀರಿ, ಮಾಡ್ತಾಳ. ಹೊತ್ತಾದ್ರ ಯಾರದೋ ಜೀವ ಹಿಡಕೊಂಡ ಕುಂತಾಳ ಅಂತ ತಿಳೀರಿ.' ನನ್ನ ಫೋನಿಲೆ ಹಚ್ತೀನಿ ಅಂದೆ. ಅದೂ ಈ ಮನೀದ ಅಂತ ಯಂತ್ರಕ್ಕ ಗೊತ್ತಾಗತೈತಿ ಅಂದ್ಲು. ನಾ ತಡಕೊಳ್ಳಲಾರದ ರಿಕ್ಷಾ ತರಾಕ ಹ್ವಾದೆ. ತಂದೆ." ಅವರು ಕುರ್ಚಿಯ ಕಡೆ ನೋಡಿದರು. "ಫೋನ್ ಇನ್ನೂ ತೊಡಿ ಮ್ಯಾಲ ಇತ್ತು."

ಗಾಳಿ ಬಂತು. ಕಿಟಕಿ ಎರಡು ಸಲ ಕಿರಗುಟ್ಟಿ ಟಕ್ಕೆಂದಿತು.

ಕಸ್ತೂರಿ ಅಳಲಿಲ್ಲ. ಅಳು ಬರುವ ಜಾಗಕ್ಕಿಂತ ಕೆಳಗೆ ಎಲ್ಲೋ ಅದು ಹೋಗಿ ಕೂತಿತ್ತು. ಆ ಹಳೇ ಹಾಲಿನಲ್ಲಿ ಬೆನ್ನಿಗೆ ಬೆನ್ನು ಕೊಟ್ಟು ಕೂತಿದ್ದಾಗ ಒಬ್ಬರು ಮತ್ತೊಬ್ಬರನ್ನು ಕಾಯುವುದು ಎಷ್ಟು ಸಲೀಸಾಗಿತ್ತು. ಇಷ್ಟು ದೂರದಿಂದ ಕಾಯಲು ಹೋಗಿದ್ದಳು ಮೈಮೂನಾ.

"ನನ್ನ ಮ್ಯಾಲ ಸಿಟ್ಟಿಲ್ಲೇನಣ್ಣಾ?"

"ಐತಿ." ತಕ್ಷಣ ಹೇಳಿದರು. "ರಗಡ ಐತಿ. ಆಕಿ ಮ್ಯಾಲೂ ಐತಿ, ಮದಲ ರಿಕ್ಷಾ ತರದ ನನ್ನ ಮ್ಯಾಲೂ ಐತಿ. ಸೋಮವಾರ ಬರ್ತೀನಿ. ಆ ಡಾಕ್ಟರಬಾಯಿ ಫೋನ್ ಮಾಡಿದ್ರು. ಕಸ್ತೂರಿ ಉದಾಸೀನ ಮಾಡಿಲ್ಲ ಅಂತ ಹೇಳ್ತೀನಿ, ಯಾಕಂದ್ರ ಮಾಡಿಲ್ಲ. ಸಿಟ್ಟಿಲ್ಲ ಅಂತ ಮಾತ್ರ ಹೇಳಂಗಿಲ್ಲ. ಎರಡೂ ಕೂಡಿಸಿ ಅರ್ಧಾ ಮಾಡ್ತೀನಿ ಅಂದ್ರ, ಬ್ಯಾಡ್ರಿ ಸಾಹೇಬರ ಅಂತೀನಿ."

ಅವಳು ಎದ್ದಳು. ಅವರು ಬಾಗಿಲವರೆಗೆ ಬಂದರು. ಹೊರಗೆ ಬಿಸಿಲು ಇಳಿಯುತ್ತಿತ್ತು.

"ಮನಿ ಮುಟ್ಟಿದ ಕೂಡ್ಲೆ ಫೋನ್ ಮಾಡವಾ. ನೀ ಬಂದ ಹೋದಾಗೆಲ್ಲಾ ಆಕಿ ಹಂಗ ಹೇಳ್ತಿದ್ಲು."

"ಮಾಡ್ತೀನಣ್ಣಾ."

ಮೆಟ್ಟಿಲ ಮೇಲೆ ನಿಂತು ಕಸ್ತೂರಿ ಸೆರಗಿನ ತುದಿ ಹಿಡಿದು ತಾನೇ ಗಂಟು ಹಾಕಿಕೊಂಡಳು. ಹಲ್ಲಲ್ಲಿ ಕಚ್ಚಿ ಬಿಗಿದಳು.

ಬಸ್ಸಿನಲ್ಲಿ ಪಕ್ಕದವಳ ಮಡಿಲಲ್ಲಿದ್ದ ಕೂಸು ಕೆಮ್ಮುತ್ತಿತ್ತು. ಆ ಕೆಮ್ಮಿನ ಬುಡದಲ್ಲಿ ಸೀಟಿ ಹೊಡೆದಂತೆ ಒಂದು ಸದ್ದು ಕಸ್ತೂರಿಗೆ ಕೇಳಿಸಿತು. ಮನೆಯ ಸ್ಟಾಪು ಬಂದು ಹೋದದ್ದು ಕೇಳಿಸಲಿಲ್ಲ. ತಾಯಿಯನ್ನು ಒಪ್ಪಿಸಿ, ಜೊತೆಗೇ ಇಳಿದು, ದವಾಖಾನೆಯ ಒಳಗಿನವರೆಗೂ ಬಿಟ್ಟು, ಅಲ್ಲಿಂದ ನಡೆದು ಮನೆಗೆ ಬಂದಳು. ಮಲ್ಲೇಶಿ ಅನ್ನಕ್ಕಿಟ್ಟಿದ್ದ. ಕೂಸಿನ ಕಥೆ ಹೇಳುತ್ತ ಕಾಯಿಪಲ್ಯ ಹೆಚ್ಚಿದಳು, ಕೈ ತೊಳೆದಳು, ಒಳಗೆ ಹೋಗಿ ಸೀರೆ ಬಿಚ್ಚಿ ಮಡಚತೊಡಗಿದಳು.

ಮಡಿಕೆ ಕೂಡುವಾಗ ಬೆರಳಿಗೆ ಗಂಟು ಸಿಕ್ಕಿತು. ಒಂದು ಕ್ಷಣ ಅದು ಯಾರು ಹಾಕಿದ್ದೆಂದೇ ತಿಳಿಯಲಿಲ್ಲ.

ಸೀರೆ ಕೆಳಗೆ ಬಿತ್ತು. ಫೋನು ಹುಡುಕಿ ಹಚ್ಚಿದಳು. ಮೊದಲ ರಿಂಗು ಪೂರ್ತಿಯಾಗಲಿಲ್ಲ, ಆಚೆ ಎತ್ತಿದರು. ಇಬ್ಬರೂ ಮಾತಾಡುವ ಮುಂಚೆ, ತೀರ ಹತ್ತಿರದಲ್ಲಿ, ಕಿಟಕಿಯ ಕೀಲು ಎರಡು ಸಲ ಕಿರಗುಟ್ಟಿ ಟಕ್ಕೆಂದಿತು.